ಗಜಕರ್ಣಕ್ಕೆ ಸೊಪ್ಪೋ, ಮುಲಾಮೋ?

ಚರ್ಮದ ಮೇಲೆ ಉಂಗುರದಂತೆ ಮೂಡುವ ಶಿಲೀಂಧ್ರ ಸೋಂಕಾದ ಗಜಕರ್ಣಕ್ಕೆ ಸೀಮೆ ಅಗಸೆಯ ಎಲೆಯನ್ನು ಅರೆದು ಹಚ್ಚುವ ರೂಢಿ ಹಳೆಯದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಎಲೆಯ ಸಾರ ಪ್ರಯೋಗಾಲಯದಲ್ಲಿ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ. ಆಸ್ಟ್ರೇಲಿಯಾದ ಟೀ ಟ್ರೀ ಎಣ್ಣೆಯಂತೂ ರೋಗಿಗಳ ಮೇಲೆಯೇ ಪರೀಕ್ಷೆಗೆ ಒಳಗಾಗಿದೆ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲ್ಬೆರಳ ಸಂದಿಯ ಸೋಂಕಿಗೆ ಶೇ 50ರ ದ್ರಾವಣ ಹಚ್ಚಿಕೊಂಡವರ ಪೈಕಿ ಶೇ 64 ಮಂದಿಯಲ್ಲಿ ಶಿಲೀಂಧ್ರ ನಾಶವಾಗಿತ್ತು. ಔಷಧವೇ ಇಲ್ಲದ ದ್ರಾವಣ ಬಳಸಿದವರಲ್ಲಿ ಈ ಪ್ರಮಾಣ ಶೇ 31. ಆದರೆ ಕೆಲವರಿಗೆ ಆ ಎಣ್ಣೆಯಿಂದಲೇ ಚರ್ಮ ಕೆರಳಿತು.

ಸೊಪ್ಪಿನ ತೊಂದರೆ ಇರುವುದು ಅಳತೆಯಲ್ಲಿ. ಯಾವ ಎಲೆಯಲ್ಲಿ ಎಷ್ಟು ಸತ್ವವಿದೆ, ಅದರಲ್ಲಿ ಎಷ್ಟು ಚರ್ಮದೊಳಗೆ ಇಳಿಯಿತು ಎಂದು ಹೇಳುವವರಿಲ್ಲ. ಶೇ 1ರ ಕ್ಲೋಟ್ರಿಮಝೋಲ್ ಎಂಬ ಶಿಲೀಂಧ್ರನಾಶಕ ಮುಲಾಮಿನ ಟ್ಯೂಬಿನಲ್ಲಿ ಆ ಗೊಂದಲವಿಲ್ಲ. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ನಮ್ಮ ಜೀವಕೋಶಗಳಲ್ಲಿ ಆ ಕೆಲಸವನ್ನು ಕೊಲೆಸ್ಟರಾಲ್ ಮಾಡುತ್ತದೆ. ಕ್ಲೋಟ್ರಿಮಝೋಲ್, ಟರ್ಬಿನಾಫಿನ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಎರಡೂ ಎರ್ಗೋಸ್ಟೆರಾಲ್ ತಯಾರಿಕೆಯನ್ನು ಬೇರೆ ಬೇರೆ ಹಂತಗಳಲ್ಲಿ ತಡೆಯುತ್ತವೆ. ಹಾಗಾಗಿ ಪೆಟ್ಟು ಬೀಳುವುದು ಶಿಲೀಂಧ್ರಕ್ಕೆ. ಆಯ್ಕೆ ಮಾಡು ಎಂದರೆ ನಾನು ಇವನ್ನೇ ಆರಿಸುತ್ತೇನೆ.

ನನಗೆ ಸೊಪ್ಪಿಗಿಂತ ಹೆಚ್ಚು ಆತಂಕ ತರುವುದು ಕ್ಲೊಬೆಟಾಸಾಲ್‌ನಂಥ ಸ್ಟೀರಾಯ್ಡ್ ಬೆರೆತ ಮುಲಾಮು. ಹಚ್ಚಿದ ಒಂದೆರಡು ದಿನಗಳಲ್ಲೇ ತುರಿಕೆ ನಿಲ್ಲುತ್ತದೆ, ಕೆಂಪು ಮಾಸುತ್ತದೆ. ಶಿಲೀಂಧ್ರ ಮಾತ್ರ ಸಾಯುವುದಿಲ್ಲ, ದೇಹದ ಪ್ರತಿರೋಧ ಕುಗ್ಗಿದ್ದರಿಂದ ಇನ್ನಷ್ಟು ಹರಡುತ್ತದೆ. ಉಬ್ಬಿದ ಅಂಚು, ಹೊಟ್ಟೇಳುವ ಚರ್ಮ, ತಿಳಿಯಾದ ನಡುಭಾಗ ಇದ್ದ ಉಂಗುರ ಕಲಸಿಹೋಗಿ, ವೈದ್ಯರಿಗೂ ರೋಗ ಗುರುತಿಸುವುದು ಕಷ್ಟವಾಗುತ್ತದೆ. ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ ಬಿಳಿ, ನೇರಳೆ ಗೆರೆಗಳು ಮೂಡಿದರೆ ಅವು ಪೂರ್ತಿ ಮಾಯುವುದಿಲ್ಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ‘ಗಿಡಮೂಲಿಕೆ’ ಎಂಬ ಹೆಸರೂ ಅಭಯವಲ್ಲ. 1999ರಲ್ಲಿ ಲಂಡನ್ನಿನ ವೈದ್ಯರು ಇಸಬಿಗೆ ಬಳಕೆಯಲ್ಲಿದ್ದ 11 ಚೀನೀ ಮೂಲಿಕೆ ಮುಲಾಮುಗಳನ್ನು ಪರೀಕ್ಷಿಸಿದಾಗ 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತ್ತು.

ಸರಿಯಾದ ಮುಲಾಮನ್ನೂ ಅರ್ಧಕ್ಕೆ ಬಿಟ್ಟರೆ ಫಲವಿಲ್ಲ. ಉಂಗುರದ ಅಂಚಿನಾಚೆ ಸುಮಾರು 2 ಸೆಂಟಿಮೀಟರ್‌ವರೆಗೆ ಹಚ್ಚಬೇಕು. ಕಲೆ ಮರೆಯಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು. ಟರ್ಬಿನಾಫಿನ್‌ಗೂ ಜಗ್ಗದ ತಳಿಗಳು ಹೆಚ್ಚಿರುವ ‘ಟ್ರೈಕೋಫೈಟಾನ್ ಇಂಡೋಟಿನಿಯೇ’ ಎಂಬ ಶಿಲೀಂಧ್ರ ಈಗ ನಮ್ಮಲ್ಲಿ ವ್ಯಾಪಕವಾಗಿದೆ. ಕೆಲವು ವಾರ ಕಳೆದರೂ ಗುಣ ಕಾಣದಿದ್ದರೆ ಅಂಗಡಿಯಲ್ಲಿ ಮತ್ತೊಂದು ಟ್ಯೂಬ್ ಕೇಳಬೇಡಿ. ಚರ್ಮತಜ್ಞರು ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಳೆ ಎಳೆಯಾದ ಶಿಲೀಂಧ್ರ ಅಲ್ಲಿದೆಯೇ ಎಂಬುದು ಆಗಲೇ ತಿಳಿಯುತ್ತದೆ.