ಕಾಲುವೆ ಪಕ್ಕದ ತೆನೆ

ಕುಣಿಗಲ್ ದೊಡ್ಡಕೆರೆಯ ಅಚ್ಚುಕಟ್ಟಿನಲ್ಲಿ ನಮ್ಮ ಸೋದರಮಾವನಿಗೆ ಒಂದಿಷ್ಟು ಗದ್ದೆಯಿದೆ. ಮಲೆನಾಡಿನ ನೆಂಟರ ಮನೆಯಲ್ಲಿ ಗಂಧಸಾಲೆ ಎಂಬ ಘಮದ ಅಕ್ಕಿಯ ಅನ್ನ ಉಂಡು ಮರುಳಾದ ಮಾವ, ಬರುವಾಗ ಎರಡು ಸೇರು ಬಿತ್ತನೆ ಭತ್ತವನ್ನೂ ಕಟ್ಟಿಸಿಕೊಂಡು ಬಂದರು. ಒಂದು ಮಡಿಗೆ ನಾಟಿ ಆಯಿತು. ಪೈರು ಎದೆಮಟ್ಟ ಬೆಳೆದು, ಗಾಳಿಗೆ ಅರ್ಧ ಮಲಗಿತು. ಕಾಲುವೆ ಪಕ್ಕದ ಸಾಲು ಮಾತ್ರ ತೆಂಡೆ (ಬುಡದ ಮರಿಕವಲು) ಒಡೆದು, ತೆನೆ ತುಂಬ ಕಾಳು ಕಟ್ಟಿತ್ತು. ಮಾವ ಅವನ್ನೇ ಆರಿಸಿ ಬೀಜಕ್ಕಿಟ್ಟರು. ಮರುವರ್ಷವೂ ಅದೇ ಕಥೆ: ಕಾಲುವೆ ಪಕ್ಕ ಚೆನ್ನ, ನಡುವೆ ಸಾಧಾರಣ. ನೀರು ಗೊಬ್ಬರ ನಿಲ್ಲುವ ಜಾಗವನ್ನು ಅವರು ಬೀಜದ ಗುಣ ಅಂದುಕೊಂಡಿದ್ದರು.

ತಳಿ ವಿಜ್ಞಾನಿಗಳ ಮೊದಲ ತಲೆನೋವೂ ಇದೇ. ಕಣ್ಣಿಗೆ ಕಾಣುವ ವ್ಯತ್ಯಾಸದಲ್ಲಿ ಜೀನಿನ ಪಾಲೆಷ್ಟು, ಮಣ್ಣಿನ ಪಾಲೆಷ್ಟು? ಅದಕ್ಕೇ ಅವರು ಒಂದೇ ಬೀಜವನ್ನು ನಾಲ್ಕಾರು ಮಡಿಗಳಲ್ಲಿ ಹಾಕಿ ನೋಡುತ್ತಾರೆ. ಪೈರಿನ ಎತ್ತರ, ಹೂವಾಗುವ ದಿನ, ಕಾಳಿನ ಉದ್ದ ಎಲ್ಲಿ ಹಾಕಿದರೂ ಹೆಚ್ಚು ಬದಲಾಗುವುದಿಲ್ಲ. ಅಲ್ಲಿ ಜೀನಿನದೇ ದರ್ಬಾರು. ತೆಂಡೆಯ ಸಂಖ್ಯೆ, ಇಳುವರಿ ಹಾಗಲ್ಲ, ಮಡಿಯಿಂದ ಮಡಿಗೆ ಕುಣಿಯುತ್ತವೆ. ಭತ್ತ ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಹಾಗಾಗಿ ನಾಟಿ ತಳಿಯ ಒಂದು ಚೀಲವೆಂದರೆ ಹಲವು ಶುದ್ಧ ವಂಶಗಳ, ಅಂದರೆ ಒಳಗೆಲ್ಲ ಒಂದೇ ಬಗೆಯ ಜೀನಿರುವ ವಂಶಗಳ, ಬೆರಕೆ. ಒಂದೇ ವಂಶದೊಳಗೆ ದಪ್ಪ ಕಾಳು ಆರಿಸಿ ಪ್ರಯೋಜನವಿಲ್ಲವೆಂದು ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೋಹಾನ್ಸನ್ ಹುರುಳಿಕಾಯಿ ಬೀಜಗಳಲ್ಲಿ 1903ರಲ್ಲೇ ತೋರಿಸಿದ್ದರು. ಆರಿಸಬೇಕಾದ್ದು ವಂಶ ವಂಶಗಳ ನಡುವೆ.

ಘಮದ ವಿಷಯ ಇನ್ನೂ ಸೊಗಸು. ಅಕ್ಕಿಯ ಆ ಪರಿಮಳಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೊಲಿನ್ ಎಂಬ ವಸ್ತು. ಜೋಳದ ಅರಳಿನಲ್ಲಿ, ಬೆಂದ ಬ್ರೆಡ್ಡಿನ ಹೊರಪದರದಲ್ಲಿ ಮೂಗಿಗೆ ಹೊಡೆಯುವುದೂ ಇದೇ. ಸಾಮಾನ್ಯ ಭತ್ತದ ಎಂಟನೇ ಕ್ರೋಮೋಸೋಮಿನಲ್ಲಿರುವ ಬಿಎಡಿಎಚ್2 ಎಂಬ ಜೀನು ಒಂದು ಕಿಣ್ವವನ್ನು ತಯಾರಿಸುತ್ತದೆ. ಪರಿಮಳವಾಗಬೇಕಾದ ಕಚ್ಚಾ ವಸ್ತುವನ್ನು ಆ ಕಿಣ್ವ ಬೇರೇನೋ ಆಗಿ ಮುಗಿಸಿಬಿಡುತ್ತದೆ. ಬಾಸ್ಮತಿಯಂಥ ತಳಿಗಳಲ್ಲಿ ಈ ಜೀನಿನ ಡಿಎನ್ಎ ಬರಹದಲ್ಲಿ 8 ಅಕ್ಷರ ಬಿಟ್ಟುಹೋಗಿವೆಯೆಂದು 2005ರಲ್ಲಿ ಗೊತ್ತಾಯಿತು. ಕಿಣ್ವ ಕೆಡುತ್ತದೆ, ಕಚ್ಚಾ ವಸ್ತು ಉಳಿದು ಘಮವಾಗುತ್ತದೆ. ನಾವು ದುಬಾರಿ ಬೆಲೆ ಕೊಟ್ಟು ಕೊಳ್ಳುವುದು ಒಂದು ಕೆಟ್ಟ ಜೀನನ್ನು! ಎಲ್ಲ ಘಮದ ಭತ್ತದಲ್ಲೂ ಇದೇ ಮುರಿತವಿಲ್ಲ; ಕೆಲವದರಲ್ಲಿ ಅದೇ ಜೀನು ಬೇರೆ ಕಡೆ ಮುರಿದಿದೆ.

ಅಪ್ಪ ಅಮ್ಮ ಇಬ್ಬರಿಂದಲೂ ಮುರಿದ ಪ್ರತಿಯೇ ಬಂದರೆ ಮಾತ್ರ ಘಮ. ಘಮವಿಲ್ಲದ ತಳಿಯೊಂದಿಗೆ ಬೆರೆಸಿದರೆ ಎರಡನೇ ಪೀಳಿಗೆಯಲ್ಲಿ ಸುಮಾರು ನಾಲ್ಕರಲ್ಲೊಂದು ಗಿಡ ಘಮದ್ದು. ಆದರೆ ಹಾಗೆ ಸಿಕ್ಕ ಗಿಡದ ಮಕ್ಕಳಲ್ಲಿ ಆ ಗುಣ ಜಾರಿಹೋಗುವುದಿಲ್ಲ, ಆಯ್ಕೆಗೆ ಇದೊಂದು ವರ. ಎಲೆಯನ್ನು ಚೂರು ಮಾಡಿ 1.7 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹತ್ತು ನಿಮಿಷ ಮುಚ್ಚಿಟ್ಟು ಮೂಸಿದರೆ ಗೊತ್ತಾಗುತ್ತದೆ. ಹತ್ತಾರು ಮಾದರಿ ಮೂಸಿದ ಮೇಲೆ ಮೂಗೇ ಮುಷ್ಕರ ಹೂಡುತ್ತದೆ, ಅದು ಬೇರೆ ಮಾತು.

ಆದರೂ ಮಾವನ ಗಂಧಸಾಲೆಯಲ್ಲಿ ನೆಂಟರ ಮನೆಯಷ್ಟು ಘಮವಿರಲಿಲ್ಲ. ಕಾಳು ಕಟ್ಟುವಾಗ ತಂಪಿದ್ದರೆ ಘಮ ಹೆಚ್ಚು. ಸೆಕೆಯಲ್ಲಿ ಕಟ್ಟಿದ, ಬಹಳ ದಿನ ಇಟ್ಟ ಅಕ್ಕಿಯಲ್ಲಿ ಕಡಿಮೆ. ಜೀನು ಇದ್ದರೂ ಹವೆ ಕೈಕೊಡಬಹುದು.

ಈ ಸಲ ಮಾವ ಕಾಲುವೆ ಪಕ್ಕ ಬಿಟ್ಟು ಮಡಿಯ ಎಲ್ಲೆಡೆಯಿಂದ ಮೂವತ್ತು ತೆನೆ ಕಿತ್ತಿದ್ದಾರೆ, ತೆನೆಗೊಂದು ಸಾಲು ಹಾಕುವ ಲೆಕ್ಕ. ಅದಕ್ಕೆ ಮುಂಚೆ ಅತ್ತೆ ಒಂದೊಂದರಿಂದ ನಾಲ್ಕು ಕಾಳು ಸುಲಿದು, ಅಗಿದು, ಬೇರೆ ಬೇರೆ ಮೊರಕ್ಕೆ ಹಾಕುತ್ತಿದ್ದರು: “ಇದು ಗಮ್ಮಂತೈತೆ. ಇದು ಬರೀ ಅಕ್ಕಿ.”