ಗಲ್ಫ್ ಸೆಟ್ಟಿನ ಡಬ್ಬ ತಿರುಗಿಸಿ ನೋಡಿ

ಕಾಸರಗೋಡಿನ ಉಪ್ಪಳ, ಕುಂಬಳೆ ಕಡೆ ‘ಗಲ್ಫ್ ಸೆಟ್’ ಎಂದರೆ ಗಲ್ಫಿನಿಂದ ಬಂದ ಮೊಬೈಲ್ ಎಂದು ಬಿಡಿಸಿ ಹೇಳಬೇಕಿಲ್ಲ. ಡಬ್ಬದ ಹಿಂದೆ ಯುಎಇಯ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟಿಡಿಆರ್‌ಎ ನೋಂದಣಿ ಸಂಖ್ಯೆ ಇರುತ್ತದೆ. ರೂಪಾಯಿಯ ಎಂಆರ್‌ಪಿ, ಇಲ್ಲಿನ ಆಮದುದಾರರ ವಿಳಾಸ ಎರಡೂ ಇರುವುದಿಲ್ಲ. ದುಬೈಯಿಂದ ಬಂದ ಅಣ್ಣ ಸ್ವಂತ ಬಳಕೆಗೆ ತಂದದ್ದಾದರೆ ಆ ಮಾತು ಬೇರೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಇಲ್ಲದ ಸೆಟ್ಟನ್ನು ಅಂಗಡಿಯಲ್ಲಿ ಮಾರುವುದಿರಲಿ, ಮಾರಲೆಂದು ದಾಸ್ತಾನಿಡುವುದೂ ತಪ್ಪು.

ಡಬ್ಬದ ಬರಹ ನೋಡುವುದು ಕೇರಳದ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ಇಲಾಖೆ. ಪೊಟ್ಟಣ ಸರಕುಗಳ 2011ರ ನಿಯಮದ ಪ್ರಕಾರ ತಯಾರಕ ಅಥವಾ ಆಮದುದಾರರ ಹೆಸರು-ವಿಳಾಸ, ಮೂಲ ದೇಶ, ತಯಾರಾದ ತಿಂಗಳು-ವರ್ಷ, ತೆರಿಗೆ ಸೇರಿದ ಎಂಆರ್‌ಪಿ, ದೂರು ಕೊಡುವ ಸಂಪರ್ಕ ಬೇಕು. ಬೆಲೆ ಇಳಿಸಿ ಚೀಟಿ ಹಚ್ಚಬಹುದು, ಆದರೆ ಹಳೆಯ ಎಂಆರ್‌ಪಿ ಮುಚ್ಚುವಂತಿಲ್ಲ. ಏರಿಸಿ ಹಚ್ಚುವುದಂತೂ ಕೂಡದು. ಬರಹ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕಂತೆ. ಮಂಜೇಶ್ವರದ ಅಜ್ಜಿ ಯಾವುದನ್ನು ಓದಬೇಕೋ!

ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರ, ಮುಂದೆ 8 ಅಂಕಿ ಇರುತ್ತದೆ. ಡಬ್ಬದಲ್ಲಿ ಕಾಣದಿದ್ದರೆ ಕೆಲವು ಸೆಟ್‌ಗಳಲ್ಲಿ ಸೆಟ್ಟಿಂಗ್ಸ್‌ನ ‘ರೆಗ್ಯುಲೇಟರಿ ಲೇಬಲ್ಸ್’ನಲ್ಲಿ ಸಿಗುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ವಸ್ತು ಎಂದು ಬರುತ್ತದೆ. ಮೋಸ ನಡೆಯುವುದು ಇಲ್ಲೇ: ಅಂಕಿ ಅಸಲಿ, ಆದರೆ ಇನ್ಯಾರದೋ ಚಾರ್ಜರಿನದು. ಚಾರ್ಜರಿಗೂ ಬ್ಯಾಟರಿಗೂ ಬೇರೆಬೇರೆ ನೋಂದಣಿ ಇರುತ್ತದೆ ಎಂಬುದು ನೆನಪಿರಲಿ.

ಪ್ರತಿ ಸೆಟ್ಟಿನ ಗುರುತಿನ ಸಂಖ್ಯೆಯಾದ ಐಎಂಇಐ 15 ಅಂಕಿಯದು. ಮೊದಲ 8 ಮಾಡೆಲ್ಲಿಗೆ, ಮುಂದಿನ 6 ಆ ಸೆಟ್ಟಿಗೆ, ಕೊನೆಯದು ತಾಳೆಯ ಅಂಕಿ. ಮಾದರಿಗೆ 490154203237518 ತೆಗೆದುಕೊಳ್ಳಿ. ಎಡದಿಂದ 2, 4, 6 ಹೀಗೆ 14ರವರೆಗಿನ ಸ್ಥಾನದ ಅಂಕಿಗಳನ್ನು ಇಮ್ಮಡಿಸಿ; 18ರಂತೆ ಎರಡಂಕಿ ಬಂದರೆ 1+8=9 ಎಂದು ಕೂಡಿಸಿ ಹಿಡಿಯಿರಿ. ಅವುಗಳ ಮೊತ್ತ 30. ಕೊನೆಯದನ್ನು ಬಿಟ್ಟು ಉಳಿದವು 22. ಒಟ್ಟು 52, 60 ಆಗಲು 8 ಬೇಕು, ಕೊನೆಯಲ್ಲಿರುವುದೂ 8. ಒಂದಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಅಕ್ಕಪಕ್ಕದ ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ, 09 ಮತ್ತು 90 ಮಾತ್ರ ನುಸುಳಿಕೊಳ್ಳುತ್ತವೆ.

ಅಸಲಿ ಸೆಟ್ಟಿನ ಸಂಖ್ಯೆಯನ್ನೇ ನಕಲು ಹೊಡೆದಿದ್ದರೆ ಈ ಲೆಕ್ಕದಿಂದ ಪ್ರಯೋಜನವಿಲ್ಲ. ಅದಕ್ಕೆ ಸೀಲ್ ಒಡೆಯುವ ಮೊದಲೇ, ಇಂಗ್ಲಿಷಿನಲ್ಲಿ ಕೆ-ವೈ-ಎಂ ಎಂದು ಟೈಪಿಸಿ, ಜಾಗ ಬಿಟ್ಟು ಡಬ್ಬದ ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ. ‘ಡೂಪ್ಲಿಕೇಟ್’, ‘ಬ್ಲ್ಯಾಕ್‌ಲಿಸ್ಟೆಡ್’ ಅಥವಾ ‘ಈಗಾಗಲೇ ಬಳಕೆಯಲ್ಲಿದೆ’ ಎಂದು ಬಂದರೆ ಕೊಳ್ಳಬೇಡಿ. ಸೀಲ್ ಒಡೆದ ಮೇಲೆ *#06# ಒತ್ತಿದರೆ ಪರದೆಯಲ್ಲಿ ಐಎಂಇಐ ಬರುತ್ತದೆ. ಪರದೆ, ಡಬ್ಬ, ಬಿಲ್ಲು ಮೂರರಲ್ಲೂ ಒಂದೇ ಸಂಖ್ಯೆ ಇರಬೇಕು. ಬಿಲ್ಲಿನಲ್ಲಿ ಐಎಂಇಐ ಬರೆಯಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ದುಡ್ಡು ಜೇಬಿನಲ್ಲೇ ಇರಲಿ.