ಸ್ನಾಯು ಒಪ್ಪಿದರೂ ರಜ್ಜು ಒಪ್ಪದು: ಭಾರ ಎತ್ತುವವರ ಮೊಣಕೈ ನೋವು

ಭಾರ ಎತ್ತುವ ಕಸರತ್ತನ್ನು ರೂಢಿಸಿಕೊಂಡವರಲ್ಲಿ ಒಂದು ಬಗೆಯ ಮೊಣಕೈ ನೋವು ಬಹಳ ಸಾಮಾನ್ಯ, ಮತ್ತು ಅದು ಬರುವ ರೀತಿಯೇ ಮೋಸದ್ದು. ಬೆಂಚಿನ ಮೇಲೆ ಮಲಗಿ ಭಾರದ ಸರಳನ್ನು (ಬಾರ್) ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನ ಮೊದಲ ಸೆಟ್‌ನಲ್ಲಿ ಮೊಣಕೈಯ ತುದಿಗಿಂತ ತುಸು ಮೇಲೆ ಚುಳ್ಳೆನ್ನುತ್ತದೆ, ಮೈ ಬಿಸಿಯಾಗುತ್ತಿದ್ದಂತೆ ಮರೆಯಾಗುತ್ತದೆ, ಕಸರತ್ತು ಮುಗಿಯುವ ಹೊತ್ತಿಗೆ ನೋವಿತ್ತೆಂಬುದೇ ಮರೆತುಹೋಗಿರುತ್ತದೆ. ಮರುದಿನ ಬೆಳಿಗ್ಗೆ ಕೈಯೂರಿ ಏಳುವಾಗ, ಬಿಗಿಯಾದ ಬಾಗಿಲನ್ನು ತಳ್ಳುವಾಗ ಅದು ಮತ್ತೆ ತಲೆಯೆತ್ತುತ್ತದೆ. ಹೀಗೆ ಬಂದು ಹೋಗುವ ನೋವನ್ನು ಜನ ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತಾರೆ. ತಾಳಲಾರದೆ ಹೋದಾಗ ಹದಿನೈದು ದಿನ ಜಿಮ್ ಬಿಡುತ್ತಾರೆ. ನೋವು ಇಳಿದ ಮೇಲೆ ಮರಳಿ ಹೋಗಿ ಹಳೆಯ ಭಾರವನ್ನೇ ಎತ್ತುತ್ತಾರೆ. ವಾರ ಕಳೆಯುವುದರೊಳಗೆ ಅದು ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ. ಈ ಸುತ್ತಿನಿಂದ ಹೊರಬರಬೇಕಾದರೆ ನೋಯುತ್ತಿರುವ ಭಾಗ ಯಾವುದು, ಅದರ ಸ್ವಭಾವವೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ರಟ್ಟೆಯ ಹಿಂಭಾಗವನ್ನು ತುಂಬಿಕೊಂಡಿರುವ ಟ್ರೈಸೆಪ್ಸ್ ಸ್ನಾಯುವಿಗೆ ಮೂರು ತಲೆಗಳಿವೆ. ಎರಡು ತಲೆಗಳು ರಟ್ಟೆಯ ಮೂಳೆಯಿಂದಲೇ ಹೊರಡುತ್ತವೆ. ಮೂರನೆಯದಾದ ಉದ್ದ ತಲೆ ಭುಜದ ಕೀಲನ್ನೂ ದಾಟಿ ಹೆಗಲ ಹಿಂದಿನ ಹಲಗೆ ಮೂಳೆಗೆ ಕಚ್ಚಿಕೊಂಡಿದೆ. ಮೂರೂ ಕೆಳಗಿಳಿದು, ವೈದ್ಯರು ಟೆಂಡನ್ ಎಂದು ಕರೆಯುವ ಚಪ್ಪಟೆಯಾದ ಸ್ನಾಯುರಜ್ಜುವಿನ ಮೂಲಕ, ನಾವು ಮೇಜಿನ ಮೇಲೆ ಊರುವ ಮೊಣಕೈಯ ಗಟ್ಟಿ ತುದಿಗೆ ಅಂಟಿಕೊಳ್ಳುತ್ತವೆ. ಕೈಯನ್ನು ನೇರವಾಗಿ ಚಾಚುವ, ತಳ್ಳುವ ಕೆಲಸವೆಲ್ಲ ಈ ರಜ್ಜುವಿನ ಮೂಲಕವೇ ನಡೆಯುತ್ತದೆ.

ಇಲ್ಲಿ ಸನ್ನೆಗೋಲಿನ ಲೆಕ್ಕವೊಂದನ್ನು ಮಾಡಿ ನೋಡಬಹುದು. ಮೊಣಕೈ ತಿರುಗುವ ಅಕ್ಷದಿಂದ ಟ್ರೈಸೆಪ್ಸ್ ರಜ್ಜುವಿಗಿರುವ ದೂರ ಸುಮಾರು 2 ಸೆಂಟಿಮೀಟರ್. ಅದೇ ಅಕ್ಷದಿಂದ ಮುಷ್ಟಿಯಲ್ಲಿರುವ ಡಂಬೆಲ್‌ಗೆ ಸುಮಾರು 30 ಸೆಂಟಿಮೀಟರ್. ಬೆಂಚಿನ ಮೇಲೆ ಅಂಗಾತ ಮಲಗಿ ಭಾರವನ್ನು ಹಣೆಯತ್ತ ಇಳಿಸಿ ಎತ್ತುವ ‘ಸ್ಕಲ್ ಕ್ರಷರ್’ ಕಸರತ್ತಿನಲ್ಲಿ ಮುಂದೋಳು ನೆಲಕ್ಕೆ ಸಮಾನಾಂತರವಾಗುವ ಕ್ಷಣದಲ್ಲಿ, ಕೈಯಲ್ಲಿರುವುದು ಬರಿಯ 10 ಕೆ.ಜಿ. ಆದರೂ ರಜ್ಜುವಿನ ಮೇಲೆ ಬೀಳುವ ಎಳೆತ ಅದರ ಹದಿನೈದು ಪಟ್ಟು, ಅಂದರೆ 150 ಕೆ.ಜಿ. ತೂಕವನ್ನು ನೇತುಹಾಕಿದಷ್ಟು. ಮುಂದೋಳಿನ ಸ್ವಂತ ತೂಕ ಬೇರೆ. ಬೆಂಚ್ ಪ್ರೆಸ್‌ನಲ್ಲಾದರೋ ಮುಂದೋಳು ಹೆಚ್ಚು ಕಡಿಮೆ ನೆಟ್ಟಗೆ ಬಾರ್‌ನ ಕೆಳಗೇ ನಿಂತಿರುವುದರಿಂದ ಭಾರ ಮೊಣಕೈಯ ಅಕ್ಷದ ಹತ್ತಿರವೇ ಬೀಳುತ್ತದೆ. ಎದೆಯ ಮೇಲೆ 80 ಕೆ.ಜಿ. ಎತ್ತುವಾಗ ತೊಂದರೆ ಕೊಡದ ಮೊಣಕೈ 12 ಕೆ.ಜಿ.ಯ ಡಂಬೆಲ್‌ಗೆ ಕೂಗಿಕೊಳ್ಳುವುದರ ಹಿಂದಿನ ಗುಟ್ಟು ಇದು. ಕಸರತ್ತಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ಕಿಲೋಗಳು ರಜ್ಜುವಿಗೆ ಗೊತ್ತಿಲ್ಲ.

ಆದರೆ ಮೊಣಕೈಯ ಸುತ್ತ ನೋಯುವುದೆಲ್ಲ ಟ್ರೈಸೆಪ್ಸ್ ರಜ್ಜುವೇ ಆಗಬೇಕಿಲ್ಲ. ಹೊರಮಗ್ಗುಲಿನ ಮೂಳೆಯುಬ್ಬಿನ ಮೇಲೆ ನೋವಿದ್ದರೆ ಅದು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವ ಸ್ನಾಯುಗಳ ರಜ್ಜು. ಟೆನಿಸ್ ಎಲ್ಬೋ ಎಂದು ಪ್ರಸಿದ್ಧವಾದ ಈ ತೊಂದರೆ ಟೆನಿಸ್ ಬ್ಯಾಟನ್ನೇ ಮುಟ್ಟದವರಲ್ಲಿ, ಬಾರನ್ನು ಬಿಗಿಯಾಗಿ ಹಿಡಿಯುವ ಪ್ರತಿಯೊಬ್ಬರಲ್ಲಿ ಬರಬಹುದು. ಒಳಮಗ್ಗುಲಿನ ನೋವು, ಸರಳಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವ ಪುಲ್ ಅಪ್ ಹೆಚ್ಚು ಮಾಡುವವರದ್ದು. ವಿಚಿತ್ರವೆಂದರೆ ಕಾಲಿನ ಕಸರತ್ತಾದ ಸ್ಕ್ವಾಟ್ ಕೂಡ ಮೊಣಕೈಯನ್ನು ಕೆಡಿಸಬಲ್ಲದು: ಬಾರನ್ನು ಬೆನ್ನಿನ ಮೇಲೆ ತೀರ ಕೆಳಗಿಟ್ಟು, ಮಣಿಕಟ್ಟನ್ನು ಹಿಂದಕ್ಕೆ ಮಡಚಿ, ಭಾರದ ಒಂದಂಶವನ್ನು ಕೈಗಳೇ ಹೊರುವಂತೆ ಹಿಡಿದರೆ ಒಳಮಗ್ಗುಲಿನ ರಜ್ಜು ಪ್ರತಿ ಸೆಟ್‌ನಲ್ಲೂ ಎಳೆತಕ್ಕೆ ಸಿಕ್ಕಿಕೊಂಡಿರುತ್ತದೆ. ಇಂಥವರು ಟ್ರೈಸೆಪ್ಸ್ ಕಸರತ್ತನ್ನು ಎಷ್ಟು ಬದಲಿಸಿದರೂ ಪ್ರಯೋಜನವಾಗದು. ಬಾರ್ ಹಿಡಿಯುವ ರೀತಿಯನ್ನು ತಿದ್ದಿಕೊಂಡರೆ ಸಾಕಾಗಬಹುದು.

ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತಿದ್ದರೆ ಒಳಮಗ್ಗುಲಿನಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಒತ್ತಡವಿದೆ ಎಂದರ್ಥ. ನಡುಬೆರಳಿನಲ್ಲಿ ಜೋಮು ಇದ್ದು ಕೈಯನ್ನು ಚಾಚುವ ಬಲವೂ ಕುಗ್ಗಿದ್ದರೆ ಕುತ್ತಿಗೆಯಲ್ಲಿ ನರದ ಬೇರು ಒತ್ತಿಕೊಂಡಿರುವ ಸಂಭವವುಂಟು. ಮೊಣಕೈ ತುದಿಯಲ್ಲಿ ನಿಂಬೆಹಣ್ಣಿನಷ್ಟು ಮೆತ್ತನೆಯ ಊತ ಬಂದರೆ ಅದು ಚರ್ಮದಡಿಯ ದ್ರವದ ಚೀಲದ ತೊಂದರೆ. ಅದು ಕೆಂಪಾಗಿ ಬಿಸಿಯಾಗಿದ್ದು ಜ್ವರವೂ ಇದ್ದರೆ ಸೋಂಕಿನ ಲಕ್ಷಣ. ಭಾರ ಎತ್ತುವಾಗ ‘ಪಟ್’ ಎಂದು ಸದ್ದಾಗಿ, ಕೈಯನ್ನು ತಲೆಯ ಮೇಲೆ ನೇರ ಚಾಚಲು ಆಗದೆ ಹೋದರೆ ರಜ್ಜು ಹರಿದಿರಬಹುದು. ಆಗ ಅದೇ ದಿನ ಮೂಳೆ ತಜ್ಞರನ್ನು ಕಾಣಬೇಕು. ಟ್ರೈಸೆಪ್ಸ್ ರಜ್ಜು ಹರಿಯುವುದು ಅಪರೂಪ. ಹರಿದವರಲ್ಲಿ ಮೈಕಟ್ಟಿಗಾಗಿ ಅನಬಾಲಿಕ್ ಸ್ಟೀರಾಯ್ಡ್ ಚುಚ್ಚಿಕೊಂಡವರ ಉಲ್ಲೇಖ ವೈದ್ಯಕೀಯ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳೂ ರಜ್ಜುಗಳನ್ನು ದುರ್ಬಲಗೊಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಇವುಗಳ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು. ನಮ್ಮಲ್ಲಿ ಭೇದಿಗೂ ಮೂತ್ರದ ಸೋಂಕಿಗೂ ಇವನ್ನು ಧಾರಾಳವಾಗಿ ನುಂಗುವವರಿದ್ದಾರೆ; ಅಂಥ ವಾರಗಳಲ್ಲಿ ದೊಡ್ಡ ಭಾರಕ್ಕೆ ಕೈಹಾಕದಿರುವುದು ಒಳ್ಳೆಯದು.

ಇವೆಲ್ಲವನ್ನೂ ಬಿಟ್ಟ ಮೇಲೆ ಉಳಿಯುವುದು ರಜ್ಜುವಿನ ದೀರ್ಘಕಾಲದ ನೋವು. ತೆಂಗಿನ ನಾರಿನ ಹಗ್ಗದಂತೆ ಎಳೆಗಳು ಸೇರಿ ಹುರಿಯಾಗಿ, ಹುರಿಗಳು ಸೇರಿ ರಜ್ಜುವಾಗಿದೆ. ಎಳೆಗಳು ಕೊಲಾಜನ್ ಎಂಬ ಪ್ರೋಟೀನಿನವು. ಅವುಗಳ ನಡುವೆ ಜೀವಕೋಶಗಳು ಬಲು ವಿರಳ, ರಕ್ತ ಸಂಚಾರವೂ ಕಡಿಮೆ. ಇದು ಎಷ್ಟು ನಿಧಾನದ ಅಂಗಾಂಶ ಎಂಬುದನ್ನು ತೋರಿಸಿಕೊಟ್ಟದ್ದು, ಆಶ್ಚರ್ಯವೆನಿಸಬಹುದು, ಅಣುಬಾಂಬುಗಳು. 1950 ಮತ್ತು 60ರ ದಶಕಗಳಲ್ಲಿ ಬಯಲಲ್ಲಿ ನಡೆದ ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲದ ವಿಕಿರಣಶೀಲ ರೂಪವಾದ ಇಂಗಾಲ-14ರ ಪ್ರಮಾಣ ದಿಢೀರನೆ ಏರಿತು; ಬಯಲಿನ ಪರೀಕ್ಷೆಗಳನ್ನು ನಿಷೇಧಿಸಿದ 1963ರ ಒಪ್ಪಂದದ ನಂತರ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಆಯಾ ಕಾಲದ ಇಂಗಾಲ ಆಹಾರದ ಮೂಲಕ ಮನುಷ್ಯರ ಮೈಸೇರಿದ್ದರಿಂದ, ಒಂದು ಅಂಗಾಂಶದಲ್ಲಿರುವ ಇಂಗಾಲ-14ನ್ನು ಅಳೆದರೆ ಅದು ಯಾವ ವರ್ಷಗಳಲ್ಲಿ ಕಟ್ಟಲ್ಪಟ್ಟಿತೆಂದು ಹೇಳಬಹುದು. ಡೆನ್ಮಾರ್ಕಿನ ಸಂಶೋಧಕರು ಈ ವಿಧಾನದಿಂದ ಹಿಮ್ಮಡಿಯ ಅಕಿಲಿಸ್ ರಜ್ಜುವನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರಜ್ಜುವಿನ ತಿರುಳಿನಲ್ಲಿದ್ದ ಇಂಗಾಲ ಆ ವ್ಯಕ್ತಿಗಳ ಮೊದಲ ಹದಿನೇಳು ವರ್ಷಗಳ ಕಾಲದ್ದಾಗಿತ್ತು. ಬೆಳವಣಿಗೆ ನಿಂತ ಮೇಲೆ ತಿರುಳು ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಸ್ನಾಯುವಿನಲ್ಲಾದರೋ ನವೀಕರಣ ನಿರಂತರವಾಗಿ ನಡೆಯುತ್ತಿತ್ತು.

ಇದನ್ನು ಮೊಣಕೈಗೆ ಅನ್ವಯಿಸಿ ನೋಡಿದರೆ ನೋವಿನ ಮೂಲ ಸ್ಪಷ್ಟವಾಗುತ್ತದೆ. ಹೊಸಬರು ಕಸರತ್ತು ಆರಂಭಿಸಿದ ಮೊದಲ ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ನರಮಂಡಲದ್ದು. ಮುಂದಿನ ಕೆಲವು ವಾರಗಳಲ್ಲಿ ಸ್ನಾಯು ದಪ್ಪವಾಗುತ್ತದೆ. ರಜ್ಜು ಬಿಗುವನ್ನು ಹೆಚ್ಚಿಸಿಕೊಳ್ಳುವುದಕ್ಕೆ ತಿಂಗಳುಗಳು ಬೇಕು. ಮೂರು ತಿಂಗಳಲ್ಲಿ ಮದುವೆ ಎಂದು ವಾರವಾರವೂ ಪ್ಲೇಟ್ ಏರಿಸುವ ಹುಡುಗನ ಸ್ನಾಯು ಆ ಭಾರಕ್ಕೆ ಒಪ್ಪುತ್ತದೆ, ರಜ್ಜು ಒಪ್ಪುವುದಿಲ್ಲ. ನಮ್ಮ ಗರಡಿಗಳಲ್ಲಿ ಹೊಸ ಹುಡುಗನಿಗೆ ದಂಡ, ಬಸ್ಕಿಗಳ ಎಣಿಕೆಯನ್ನು ಎಷ್ಟು ಏರಿಸಬೇಕೆಂಬುದು ಉಸ್ತಾದರ ಕೈಯಲ್ಲಿತ್ತು, ಹುಡುಗನ ಉತ್ಸಾಹದ ಕೈಯಲ್ಲಿರಲಿಲ್ಲ. ದಂಡ ಹೊಡೆಯುವುದೂ ಟ್ರೈಸೆಪ್ಸ್‌ಗೆ ಭಾರವೇ ಆದ್ದರಿಂದ ಆ ನಿಯಂತ್ರಣಕ್ಕೆ ಅರ್ಥವಿತ್ತು ಎಂದು ನನಗನಿಸುತ್ತದೆ.

ಮೀರಿದ ಭಾರದಿಂದ ರಜ್ಜುವಿನೊಳಗೆ ಆಗುವುದೇನು? ಬಹುಕಾಲ ಇದನ್ನು ಉರಿಯೂತವೆಂದೇ ಭಾವಿಸಿ, ಉರಿಯೂತ ತಗ್ಗಿಸುವ ಮಾತ್ರೆ, ಮುಲಾಮು, ಚುಚ್ಚುಮದ್ದುಗಳನ್ನು ಕೊಡಲಾಗುತ್ತಿತ್ತು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ನಿರ್ಷಲ್ ಮತ್ತು ಪೆಟ್ರೋನ್ ಟೆನಿಸ್ ಎಲ್ಬೋ ರೋಗಿಗಳಿಂದ ತೆಗೆದ ಅಂಗಾಂಶದ ಬಗ್ಗೆ ಬರೆದಾಗ ಬೇರೆಯೇ ಚಿತ್ರ ಮೂಡಿತು: ಅಲ್ಲಿ ಕಂಡದ್ದು ಕ್ರಮ ತಪ್ಪಿದ ಕೊಲಾಜನ್ ಮತ್ತು ಅಡ್ಡಾದಿಡ್ಡಿಯಾಗಿ ಹುಟ್ಟಿಕೊಂಡ ಹೊಸ ರಕ್ತನಾಳಗಳು. 2009ರಲ್ಲಿ ಆಸ್ಟ್ರೇಲಿಯಾದ ಜಿಲ್ ಕುಕ್ ಮತ್ತು ಕ್ರೇಗ್ ಪರ್ಡಮ್ ಇದನ್ನು ಮೂರು ಹಂತಗಳಾಗಿ ವಿವರಿಸಿದರು. ಭಾರ ಹಠಾತ್ತನೆ ಹೆಚ್ಚಿದಾಗ ರಜ್ಜು ಉಬ್ಬಿ ಪ್ರತಿಕ್ರಿಯಿಸುವುದು ಮೊದಲನೆಯದು, ಆಗ ಭಾರ ತಗ್ಗಿಸಿದರೆ ಅದು ಪೂರ್ತಿ ಮೊದಲಿನಂತಾಗಬಲ್ಲದು. ರಿಪೇರಿಗೆಂದು ಹೊರಟು ಎಳೆಗಳ ಜೋಡಣೆ ಕೆಡುವುದು ಎರಡನೆಯದು. ಕೆಲವು ಭಾಗಗಳು ಶಾಶ್ವತವಾಗಿ ಸವೆಯುವುದು ಮೂರನೆಯದು. ಮೂರನೆಯ ಹಂತದಲ್ಲೂ ಕೆಟ್ಟ ಭಾಗದ ಸುತ್ತಲಿನ ಆರೋಗ್ಯವಂತ ಎಳೆಗಳು ಭಾರ ಹೊರಲು ಕಲಿಯಬಲ್ಲವು. ಹೀಗಾಗಿ ನೋವು ಹೋದ ಮೇಲೂ ಸ್ಕ್ಯಾನ್‌ನಲ್ಲಿ ರಜ್ಜು ದಪ್ಪವಾಗಿಯೇ ಕಾಣಬಹುದು. ನೋವೇ ಇಲ್ಲದ ಅನೇಕರ ಸ್ಕ್ಯಾನ್‌ಗಳಲ್ಲೂ ಇಂಥ ಬದಲಾವಣೆಗಳಿರುತ್ತವೆ.

ಉರಿಯೂತ ತಗ್ಗಿಸಲೆಂದು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ (ಮೈಕಟ್ಟಿನ ಸ್ಟೀರಾಯ್ಡ್ ಬೇರೆ) ವಿಷಯದಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸಂಶೋಧಕರು 165 ಟೆನಿಸ್ ಎಲ್ಬೋ ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಭಾರ ಎತ್ತುವ ಪ್ರತಿಯೊಬ್ಬರೂ ತಿಳಿದಿರಬೇಕು. ಚುಚ್ಚುಮದ್ದು ಪಡೆದವರಿಗೆ ಮೊದಲ ವಾರಗಳಲ್ಲಿ ಒಳ್ಳೆಯ ಆರಾಮ ಸಿಕ್ಕಿತು. ವರ್ಷದ ಕೊನೆಗೆ ನೋಡಿದಾಗ ಅವರಲ್ಲಿ ಶೇ. 54ರಷ್ಟು ಮಂದಿಗೆ ನೋವು ಮರುಕಳಿಸಿತ್ತು. ಹುಸಿಮದ್ದು ಚುಚ್ಚಿಸಿಕೊಂಡವರಲ್ಲಿ ಮರುಕಳಿಸಿದ್ದು ಶೇ. 12ರಷ್ಟು ಮಂದಿಗೆ ಮಾತ್ರ. ತನ್ನದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್‌ಗಳನ್ನು ಚುಚ್ಚುವ ದುಬಾರಿ ಪಿಆರ್‌ಪಿ ಚಿಕಿತ್ಸೆಯೂ ಟೆನಿಸ್ ಎಲ್ಬೋದಲ್ಲಿ ಗಮನಾರ್ಹ ಲಾಭ ಕೊಡುವುದಿಲ್ಲವೆಂದು ಲಭ್ಯವಿರುವ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆ ತೀರ್ಮಾನಿಸಿತು. ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ಜೆಲ್ ಹಚ್ಚಿಕೊಂಡರೆ ತಾತ್ಕಾಲಿಕವಾಗಿ ನೋವು ತಗ್ಗಬಹುದು, ಅಷ್ಟೇ.

ಹಾಗಾದರೆ ರಜ್ಜುವಿಗೆ ಒಗ್ಗುವ ಮದ್ದು ಯಾವುದು? ಅದು ಭಾರವೇ, ಆದರೆ ಅಳತೆಯ ಭಾರ. ಇದು ತಿಳಿದುಬಂದ ಕಥೆ ಸ್ವಾರಸ್ಯದ್ದು. ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್‌ಸನ್ ಅವರಿಗೆ ಅಕಿಲಿಸ್ ರಜ್ಜುವಿನ ನೋವಿತ್ತು. ಶಸ್ತ್ರಕ್ರಿಯೆ ಮಾಡಿಸಿಕೊಳ್ಳಲು ಅವರ ಮೇಲಧಿಕಾರಿ ಒಪ್ಪಲಿಲ್ಲ. ರಜ್ಜು ಹರಿದೇಬಿಟ್ಟರೆ ಒಪ್ಪಲೇಬೇಕಲ್ಲ ಎಂಬ ಹಟದಿಂದ ಅವರು ಹಿಮ್ಮಡಿಯನ್ನು ಭಾರದೊಂದಿಗೆ ಕೆಳಗಿಳಿಸುವ ಕಸರತ್ತನ್ನು ನೋವನ್ನು ಲೆಕ್ಕಿಸದೆ ಮಾಡುತ್ತ ಹೋದರು. ರಜ್ಜು ಹರಿಯಲಿಲ್ಲ, ನೋವೇ ಮಾಯವಾಯಿತು. 1998ರಲ್ಲಿ ಅವರು ಹದಿನೈದು ಹವ್ಯಾಸಿ ಕ್ರೀಡಾಪಟುಗಳ ಮೇಲೆ ಹನ್ನೆರಡು ವಾರ ಇದೇ ವಿಧಾನವನ್ನು ಪ್ರಯೋಗಿಸಿ ಫಲಿತಾಂಶ ಪ್ರಕಟಿಸಿದ ಮೇಲೆ ರಜ್ಜುವಿನ ಚಿಕಿತ್ಸೆಯ ದಿಕ್ಕೇ ಬದಲಾಯಿತು. 2009ರಲ್ಲಿ ಡೆನ್ಮಾರ್ಕಿನ ಕಾಂಗ್ಸ್‌ಗಾರ್ಡ್ ಮತ್ತು ಸಂಗಡಿಗರು ಮಂಡಿಚಿಪ್ಪಿನ ರಜ್ಜುವಿಗೆ ಎತ್ತುವುದನ್ನೂ ಇಳಿಸುವುದನ್ನೂ ನಿಧಾನವಾಗಿ ಮಾಡುವ, ವಾರಕ್ಕೆ ಮೂರೇ ದಿನದ ಭಾರಿ ಕಸರತ್ತು ಅಷ್ಟೇ ಪರಿಣಾಮಕಾರಿಯೆಂದು ತೋರಿಸಿದರು. ಟ್ರೈಸೆಪ್ಸ್ ರಜ್ಜುವಿನ ತೊಂದರೆ ಕಡಿಮೆ ಮಂದಿಗೆ ಬರುವುದರಿಂದ ಅದರ ಚಿಕಿತ್ಸಾ ಕ್ರಮವೆಲ್ಲ ಹೀಗೆ ಹಿಮ್ಮಡಿ, ಮಂಡಿಗಳಿಂದ ಎರವಲು ತಂದದ್ದು.

ಎರವಲು ತಂದ ಆ ಕ್ರಮವನ್ನು ಜಿಮ್‌ನಲ್ಲಿ ಹೀಗೆ ನಡೆಸಬಹುದು. ಕಸರತ್ತನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ನೋವನ್ನು ಕೆರಳಿಸುವ ಸ್ಕಲ್ ಕ್ರಷರ್, ಎರಡು ಸರಳುಗಳ ಮೇಲೆ ಕೈಯೂರಿ ಮೈಯನ್ನು ಇಳಿಸಿ ಎತ್ತುವ ಡಿಪ್ಸ್, ತಲೆಯ ಹಿಂದಕ್ಕೆ ಭಾರ ಇಳಿಸುವ ಎಕ್ಸ್‌ಟೆನ್ಷನ್, ಈ ಮೂರನ್ನು ಬದಿಗಿಡಬೇಕು. ಮೊಣಕೈ ಪೂರ್ತಿ ಮಡಚಿದಾಗ ರಜ್ಜು ಎಳೆತದ ಜೊತೆಗೆ ಮೂಳೆಗೆ ಒತ್ತಿಕೊಳ್ಳುವುದೂ ಉಂಟಾಗುವುದರಿಂದ ಇವು ಮೂರೂ ಅದಕ್ಕೆ ಕಠಿಣ. ಬದಲಿಗೆ ಕೇಬಲ್ ಯಂತ್ರದಲ್ಲಿ ಹಗ್ಗದ ಹಿಡಿಕೆ ಹಿಡಿದು, ಮೊಣಕೈ ತೊಂಬತ್ತು ಡಿಗ್ರಿಯಿಂದ ನೇರವಾಗುವವರೆಗೆ ಮಾತ್ರ ಕೆಳಕ್ಕೆ ಒತ್ತುವ ಪುಶ್‌ಡೌನ್ ಮಾಡಬೇಕು. ಒತ್ತಲು ಮೂರು ಸೆಕೆಂಡು, ಬಿಡಲು ಮೂರು ಸೆಕೆಂಡು. ಜಿಮ್‌ನಲ್ಲಿ ಇದು ನೋಡುವವರಿಗೆ ತಮಾಷೆಯಾಗಿ ಕಾಣುತ್ತದೆ. ಮಾಡುವವನಿಗೆ ಹತ್ತನೆಯ ಸಲಕ್ಕೆ ತೋಳು ನಡುಗುತ್ತದೆ. ಮೊದಲ ವಾರ ಹದಿನೈದು ಸಲ ಮಾತ್ರ ಸಾಧ್ಯವಾಗುವಷ್ಟು ಭಾರ; ಬರುಬರುತ್ತ ಭಾರ ಏರಿಸಿ ಸಲಗಳನ್ನು ಇಳಿಸುತ್ತ, ಒಂಬತ್ತನೆಯ ವಾರದ ಹೊತ್ತಿಗೆ ಆರು ಸಲಕ್ಕೆ ತರುವುದು ಡೆನ್ಮಾರ್ಕಿನವರ ಮಂಡಿಯ ಪ್ರಯೋಗದ ಕ್ರಮ. ನೋವು ತೀರ ಕೆರಳಿರುವ ದಿನಗಳಲ್ಲಿ ಮೊಣಕೈಯನ್ನು ತೊಂಬತ್ತು ಡಿಗ್ರಿಯಲ್ಲೇ ನಿಲ್ಲಿಸಿ 45 ಸೆಕೆಂಡು ಅಲುಗಾಡದೆ ಹಿಡಿದುಕೊಳ್ಳುವುದು ಕೆಲವರಿಗೆ ತಕ್ಷಣದ ಆರಾಮ ಕೊಡುತ್ತದೆ, ಎಲ್ಲರಿಗೂ ಅಲ್ಲ.

ಎಷ್ಟು ನೋವಾದರೆ ನಿಲ್ಲಿಸಬೇಕು ಎಂಬುದಕ್ಕೆ ಸ್ವೀಡನ್ನಿನ ಸಂಶೋಧಕರು ರೂಪಿಸಿದ ಅಳತೆಯೊಂದಿದೆ. ಸೊನ್ನೆಯಿಂದ ಹತ್ತರವರೆಗಿನ ಮಾಪಕದಲ್ಲಿ ಕಸರತ್ತಿನ ಹೊತ್ತಿನ ನೋವು ಐದನ್ನು ಮೀರಬಾರದು, ಮರುದಿನ ಬೆಳಿಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಮರುದಿನದ ಪರೀಕ್ಷೆಯೇ ಇಲ್ಲಿ ಮುಖ್ಯ. ಮೈ ಬಿಸಿಯಾದಾಗ ರಜ್ಜು ಸುಳ್ಳು ಹೇಳುವುದರಿಂದ ಆ ಹೊತ್ತಿನ ಸುಖವನ್ನು ನಂಬುವಂತಿಲ್ಲ. ಹೆಚ್ಚಿನವರು ಎಡವುವುದು ಐದನೆಯ, ಆರನೆಯ ವಾರದಲ್ಲಿ: ನೋವು ಅರ್ಧಕ್ಕಿಳಿದಿರುತ್ತದೆ, ಬೆಂಚ್ ಪ್ರೆಸ್ ಸಲೀಸಾಗಿರುತ್ತದೆ, ಹಳೆಯ ದಾಖಲೆಯ ಆಸೆ ಮರಳಿರುತ್ತದೆ.

ಬಿಟ್ಟ ಕಸರತ್ತುಗಳನ್ನು ಮರಳಿ ಸೇರಿಸುವಾಗ ಒಂದು ಬಾರಿಗೆ ಒಂದನ್ನೇ, ಅದೂ ಮೊದಲಿದ್ದ ಭಾರದ ಅರ್ಧದಿಂದ ಆರಂಭಿಸಿ, ಎರಡು ವಾರ ನೋಡಿ ಮುಂದಿನದಕ್ಕೆ ಹೋಗುವುದು ಒಳ್ಳೆಯದು; ಎರಡನ್ನು ಒಟ್ಟಿಗೆ ಸೇರಿಸಿದರೆ ನೋವು ಬಂದಾಗ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ. ಡಿಪ್ಸ್‌ನಲ್ಲಿ ಇಡೀ ಮೈತೂಕ ಎರಡು ಕೈಗಳ ಮೇಲಿರುವುದರಿಂದ ಅರ್ಧ ಭಾರವೆಂದರೆ ರಬ್ಬರ್ ಬ್ಯಾಂಡಿನ ಅಥವಾ ಸಹಾಯಕ ಯಂತ್ರದ ಆಸರೆ ಬೇಕೇ ಬೇಕು. ಸ್ಕಲ್ ಕ್ರಷರ್‌ನಲ್ಲಿ ಭಾರವನ್ನು ಹಣೆಗೆ ಬದಲು ತಲೆಯ ಹಿಂಬದಿಗೆ ಇಳಿಸಿ, ನೇರ ಬಾರ್‌ಗೆ ಬದಲು ಎರಡು ಡಂಬೆಲ್ ಹಿಡಿದರೆ ಮಣಿಕಟ್ಟು ತನಗೆ ಬೇಕಾದಂತೆ ತಿರುಗಿಕೊಳ್ಳುವ ಅವಕಾಶವಿರುತ್ತದೆ. ಹಲವರ ಮೊಣಕೈಗೆ ಇದು ಹಗುರ. ಇಷ್ಟಾದ ಮೇಲೂ ನೋವು ಕೊಡುವ ಕಸರತ್ತು ಒಂದಿದ್ದರೆ ಅದನ್ನು ಕೈಬಿಡುವುದರಲ್ಲಿ ನಷ್ಟವೇನಿಲ್ಲ, ಏಕೆಂದರೆ ಟ್ರೈಸೆಪ್ಸ್ ಅನ್ನು ಬೆಳೆಸುವ ದಾರಿಗಳು ಬೇರೆ ಬೇಕಾದಷ್ಟಿವೆ.